ಆಯೇರಿಯ ಮೂರು ಫೋಟೊ

ಚಿತ್ತಾಪುರ ಕೋರ್ಟಿನ ನಕಲು ವಿಭಾಗದಲ್ಲಿ ಮೂವತ್ತು ವರ್ಷ ಕಾಗದಪತ್ರ ನೋಡಿ ನಿವೃತ್ತರಾದ ಉಮಾದೇವಿಯವರ ಕಣ್ಣು ತಪ್ಪಿಸುವುದು ಕಷ್ಟವೆಂದು ಊರಿಗೆಲ್ಲ ಗೊತ್ತಿತ್ತು. ಕೋರ್ಟಿನೆದುರು ಅರ್ಜಿ ಟೈಪು ಮಾಡುವ ಅಂಬರೇಶನಿಗಂತೂ ಅಂಗಡಿಗೆ ಬೀಗ ಜಡಿದು ಅವರ ಹಿಂದೆ ಹೊರಡಲು ಒಂದು ನೆಪ ಸಿಕ್ಕರೆ ಸಾಕಾಗಿತ್ತು. ಆ ಸೋಮವಾರ ನೆಪ ತಂದವಳು ವಿಮಲಾಬಾಯಿ.

"ಅಕ್ಕಾ, ನನ್ನ ಫೋಟೊ ಕಳುವಾಗ್ಯಾದ್ರಿ," ಎಂದಳು.

ಬೇಸಿಗೆಯಲ್ಲಿ ಸುಲೇಪೇಟದಲ್ಲಿ ಅವಳ ತಮ್ಮನ ಮಗಳು ಭಾಗ್ಯಶ್ರೀಯ ಮದುವೆ. ಮದುಮಕ್ಕಳಿಗೆ ಆಯೇರಿಯೆಂದು ಬಟ್ಟೆಯ ಉಡುಗೊರೆ ಕೊಟ್ಟು ಗಂಡ ರೇವಣಪ್ಪನ ಪಕ್ಕದಲ್ಲಿ ನಿಂತಾಗ ಕ್ಯಾಮೆರಾ ಮೂರು ಸಲ ಮಿಂಚಿತ್ತು. ಎರಡು ತಿಂಗಳಲ್ಲಿ ರೇವಣಪ್ಪ ತೀರಿಕೊಂಡಿದ್ದ.

"ನಮ್ಮ ಮದಿವ್ಯಾಗ ತೆಗೆದ ರೀಲು ಬೆಳಕು ಬಿದ್ದು ಹಾಳಾಗಿತ್ರಿ. ಇಬ್ಬರೂ ಕೂಡಿ ನಿಂತದ್ದು ಅಂದ್ರ ಇದೊಂದೇ. ಸ್ಟುಡಿಯೋದಾಗ ಕೇಳಿದ್ರ ಮಷೀನ್ ಅಳಿಸ್ಯಾದ ಅಂತಾರ. ಅವರ ಬಾಜೂಕ ನಾ ಹ್ಯಾಂಗ ಕಾಣ್ತಿದ್ದೆ, ಒಮ್ಮೆ ನೋಡಬೇಕನ್ನಿಸ್ತದ್ರಿ."

ಹೆಂಡತಿ ತೀರಿಕೊಂಡ ಮೇಲೆ ಅಂಬರೇಶನೂ ಅವಳ ಫೋಟೊಗಾಗಿ ಹಳೆಯ ಮೊಬೈಲನ್ನು ಎಷ್ಟು ಸಲ ತಡಕಾಡಿದ್ದನೋ.

ಅಂದೇ ಸ್ಟುಡಿಯೋಕ್ಕೆ ಹೋದ ಇಬ್ಬರನ್ನೂ ಮಾಲೀಕ ಅಶೋಕಕುಮಾರ ಕುರ್ಚಿ ಎಳೆದು ಕೂರಿಸಿ, ಹೊಸ ಸಾಫ್ಟ್‌ವೇರಿನ ಗುಣಗಾನಕ್ಕೆ ನಿಂತ.

"ಮೊದಲ ನಾಕು ದಿನ ಹಿಡೀತಿದ್ದ ಕೆಲಸ ಈಗ ನಾಕು ತಾಸ್ರಿ ಮೇಡಂ. ನಮ್ಮ ಶಾಹನವಾಜ ಒಂದೊಂದು ಜೋಡೀದು ಮೂರು ಮೂರು ಫೋಟೊ ಹೊಡೀತಾನ. ಚಲೋದೊಂದು ಇಟ್ಟು ಉಳಿದೆರಡು ಇದು ತಾನೇ ಕಸಕ್ಕ ಹಾಕ್ತದ. ಮೂರೂ ಕೆಟ್ಟಿದ್ರ ಒಂದಕ್ಕ ಕೆಂಪು ಗುರುತು ಹಾಕಿ ನಮಗ ಕೇಳ್ತದ. ಯಾರರೆ ಆ ಕಡಿ ಈ ಕಡಿ ನೋಡಿದ್ರ ಕಣ್ಣು ಕ್ಯಾಮೆರಾಕ್ಕ ತಿರುಗಿಸ್ತೀವಿ. ಆಯೇರಿ ಕೊಟ್ಟವರು ಎದುರಿಗೆ ನೋಡಲಿಲ್ಲಂದ್ರ ಬೀಗರು ಒಪ್ಪಂಗಿಲ್ರಿ."

"ಯಾವುದು ಚಲೋ ಅಂತ ಅದಕ್ಕ ಹ್ಯಾಂಗ ಗೊತ್ತು?" ಉಮಾದೇವಿ ಕೇಳಿದರು.

"ನಾವು ಇಟ್ಕೊಂಡದ್ದು ನೋಡಿ ನೋಡಿ ಕಲೀತದ್ರಿ. ಈಚಿಗಿ ಮಾತ್ರ ಏನಾಗ್ಯಾದೋ, ಒಬ್ಬರನ್ನೊಬ್ಬರು ನೋಡೋರನ್ನೇ ಆರಿಸಲಿಕತ್ತದ. ನನಗ ತಲಿಬ್ಯಾನಿ."

ಕಂಪ್ಯೂಟರಿಗೆ ಕೂರುವವರು ಮಾಲೀಕ ಮತ್ತು ಎಡಿಟಿಂಗ್ ಮಾಡುವ ಪ್ರೀತಿ, ಇಬ್ಬರೇ. ಶಾಹನವಾಜ ಕ್ಯಾಮೆರಾದ ಕಾರ್ಡು ಕೊಟ್ಟು ಮುಂದಿನ ಮದುವೆಗೆ ಓಡುವವನು. ಪ್ರೀತಿ ತಲೆ ಎತ್ತದೆ ಕೆಲಸ ಮಾಡುತ್ತಿದ್ದಳು. ಉಮಾದೇವಿ ಸುಲೇಪೇಟದ ಫೋಟೊಗಳನ್ನು ಒಂದೂ ಬಿಡದೆ ನೋಡಿ, ನಾಳೆ ನಾಲ್ಕಕ್ಕೆ ಎಲ್ಲರೂ ಇರಬೇಕೆಂದು ಹೇಳಿ ಎದ್ದರು. ದಾರಿಯುದ್ದಕ್ಕೂ ಅಂಬರೇಶ ಮಾಲೀಕನೇ ಕಳ್ಳನೆಂದು ವಾದಿಸಿದ. ಉಮಾದೇವಿ ಬೆರಳು ಮಡಿಚಿ ಏನೋ ಎಣಿಸುತ್ತ ನಡೆದರು.

ಮರುದಿನ ಎಲ್ಲರೂ ಸೇರಿದರು. ವಿಮಲಾಬಾಯಿ ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತಳು.

"ಆಯೇರಿ ಕೊಟ್ಟವರು ನಲವತ್ತು ಜೋಡಿ," ಉಮಾದೇವಿ ಶುರು ಮಾಡಿದರು. "ಮೂವತ್ತೊಂಬತ್ತು ಜೋಡೀದು ಒಂದೊಂದು ಫೋಟೊ ಅದ. ಇವರದು ಮೂರೂ ಇಲ್ಲ. ಮೂರೂ ಕೆಟ್ಟಿದ್ರೂ ಮಷೀನ್ ಒಂದು ಉಳಿಸ್ತದ. ಅಂದಮ್ಯಾಲೆ ತೆಗೆದದ್ದು ಮನಷ್ಯಾರ ಕೈ. ಶಾಹನವಾಜ ಕಂಪ್ಯೂಟರ್ ಮುಟ್ಟಂಗಿಲ್ಲ. ಉಳಿದವರು ಇಬ್ಬರು."

ಅಂಬರೇಶ ಮಾಲೀಕನತ್ತ ನೋಡಿ ಮೀಸೆ ತಿರುವಿದ.

"ಅಶೋಕಕುಮಾರರಿಗೆ ಕೆಂಪು ಗುರುತಿನ ಫೋಟೊ ಸಿಕ್ಕಿದ್ರ ಕಣ್ಣು ತಿರುಗಿಸಿ ಅಲ್ಲೇ ಇಡ್ತಿದ್ರು, ತೆಗೀತಿರಲಿಲ್ಲ. ಆದ್ರ ಒಬ್ಬರನ್ನೊಬ್ಬರು ನೋಡೋರನ್ನ ಯಾರೋ ಮತ್ತ ಮತ್ತ ಆರಿಸಿ ಇಟ್ಟಾರ. ಅದನ್ನ ನೋಡೇ ಮಷೀನ್ ಕಲಿತದ್ದು. ಮಾಲೀಕರಿಗೆ ಅಂಥವು ಕಂಡ್ರ ತಲಿಬ್ಯಾನಿ. ಅಂಥಾ ನೋಟ ತಿದ್ದಲಾರದೆ ಇವರ ಫೋಟೊ ತೆಗೆದಿಟ್ಟವರು ಇನ್ನೊಬ್ಬರು." ಅವರು ದನಿ ತಗ್ಗಿಸಿದರು. "ಪ್ರೀತಿ, ಎಲ್ಲಿಟ್ಟೀಯವ್ವಾ?"

ಅಂಬರೇಶನ ಮೀಸೆ ಇಳಿಯಿತು. ಪ್ರೀತಿ ಪರ್ಸಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟಳು.

"ಆ ಕಾಕಾರ ಕಣ್ಣು ತಿರುಗಿಸಾಕ ನನ್ನ ಕೈಲಿಂದ ಆಗ್ಲಿಲ್ರಿ. ಅಲ್ಲೇ ಬಿಟ್ಟಿದ್ರ ಮಾಲಕ್ರು ತಿರುಗಿಸ್ತಿದ್ರು, ಅದಕ್ಕ ಕಸದಾಗಿನ ಎರಡೂ ಸೇರಿಸಿ ಇದರಾಗ ತೆಗೆದಿಟ್ಟೆ. ಈ ಕಾಕಿ ಕೇಳಾಕ ಬಂದಾಗ ನೌಕರಿ ಹೋಗ್ತದಂತ ಹೆದರಿ ತಪ್ಪು ಮಷೀನ್ ಮ್ಯಾಲೆ ಹಾಕಿದೆ. ಆಮ್ಯಾಲೆ ಖರೆ ಹೇಳಾಕ ಬಾಯಿ ಬರಲಿಲ್ಲ." ಅವಳು ಕಣ್ಣೊರೆಸಿಕೊಂಡಳು. "ಎಂಟು ವರ್ಷದಿಂದ ಮಂದಿ ಮದಿವಿ ತಿದ್ದಲಿಕತ್ತೀನಿ. ನನ್ನ ಕಡಿ ಯಾರೂ ಹಂಗ ನೋಡಿಲ್ರಿ. ಅದಕ್ಕ ದಿನಾ ತೆಗೆದು ನೋಡ್ತಿದ್ದೆ."

ಬೈಯಲು ಬಾಯಿ ತೆರೆದ ಅಶೋಕಕುಮಾರ ಬೈಯದೆ ತಾನೇ ಕಂಪ್ಯೂಟರಿಗೆ ಪೆನ್‌ಡ್ರೈವ್ ಹಾಕಿದ.

ಮೂರು ಫೋಟೊ ಪರದೆಯ ಮೇಲೆ ಸಾಲಾಗಿ ಬಂದವು. ಮೂರರಲ್ಲೂ ರೇವಣಪ್ಪ ಕತ್ತು ತಿರುಗಿಸಿ ಹೆಂಡತಿಯನ್ನೇ ನೋಡುತ್ತಿದ್ದ. ಆ ನೋಟ ಕಂಡು ಅಂಬರೇಶನಿಗೆ ತನ್ನ ಮನೆಯವಳು ಇನ್ನಿಲ್ಲವೆಂಬುದು ಮತ್ತೆ ಹೊಸದಾಗಿ ನೋಯಿತು.

ವಿಮಲಾಬಾಯಿ ಎದ್ದು ಬಂದು ಗಂಡನ ಮುಖದ ಮೇಲೆ ಬೆರಳಿಟ್ಟಳು. ಆಮೇಲೆ ಪಕ್ಕದಲ್ಲಿದ್ದ ತನ್ನ ಮುಖ ನೋಡಿದಳು. ಅದು ನೆಟ್ಟಗೆ, ಬಿಗಿಯಾಗಿ ಎದುರಿಗಿತ್ತು.

"ನಾ ಕ್ಯಾಮೆರಾ ನೋಡಲಿಕತ್ತೀನಿ," ಎಂದಳು. "ಮೂರು ಸಲಾನೂ."

ಬೆರಳನ್ನು ಪರದೆಯ ಮೇಲೆ ತನ್ನ ಮುಖದಿಂದ ಗಂಡನ ಮುಖದತ್ತ ಸರಿಸಿದಳು.

"ಒಮ್ಮೆ ಈ ಕಡಿ ಹೊರಳಿದ್ರ ಆಗ್ತಿತ್ತು ನೋಡ್ರಿ."