ಬಿಟ್ಟು ಹೋಗೋರ ಮೀನು

ಬುಡನಸಾಬರ ಸೈಕಲ್ ಅಂಗಡಿ ಹಿಂದಿನ ಕೋಣೆ ಈಗ ಬರೀ ಗೋಡೌನ್. ಆದರೂ ರಾಣೆಬೆನ್ನೂರಿಗೆ ಹೋದಾಗೆಲ್ಲ ಅದರ ಮುಂದೆ ಹಾದೇ ಬರ್ತೀನಿ. ಮೀನು ಸಾಕೋರ ನಮ್ಮ ಕ್ಲಬ್ ಇದ್ದದ್ದು ಅಲ್ಲಿ. ರೋಹಿಣಿ ನನ್ನನ್ನ ಬಾಗಿಲಲ್ಲೇ ತಡೆದದ್ದೂ ಅಲ್ಲೇ.

"ನಿಲ್ರಿ. ಮೊದಲ ಕೈ ತೊಳ್ಕೊಂಡು ಬರ್ರಿ."

ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಹೊತ್ತು, ಹಾಗೇ ಪ್ಯಾಸೆಂಜರ್ ಗಾಡಿ ಹತ್ತಿ ಬಂದಿದ್ದೆ. ಕೈಯಲ್ಲಿದ್ದ ನೀರಿನ ಕವರಿನೊಳಗೆ ಬಾಲ ಕೊಳೀತಿದ್ದ ನನ್ನ ಗೋಲ್ಡ್ ಫಿಶ್. ಒಳಗೆ ಕೂತವರೆಲ್ಲ ಇಸ್ತ್ರಿ ಅಂಗಿಯವರು. ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟವನು ನಾನು, ಇಂಥ ಮಾತು ಬೇಕಾದಷ್ಟು ಕೇಳಿದ್ದೆ. ತಲೆ ಕಾದುಬಿಟ್ಟಿತು.

"ಯಾಕ್ರಿ? ಹಮಾಲ ಮುಟ್ಟಿದ್ರ ನಿಮ್ಮ ಮೀನಿಗೆ ಮೈಲಿಗಿ ಆಗ್ತದೇನು?"

ಆಕೆ ಏನೋ ಹೇಳಹೋಗಿ ಸೀನಿದಳು. ಮತ್ತೆ ಸೀನಿದಳು. ಕಣ್ಣಲ್ಲಿ ನೀರು.

"ಮೈಲಿಗಿ ಅಲ್ರೀ ಯಪ್ಪಾ, ಖಾರ! ಮೆಣಸಿನಕಾಯಿ ಮುಟ್ಟಿದ ಕೈ ಟ್ಯಾಂಕಿಗೆ ಹಾಕಿದ್ರ ಮೀನ ಹಾರಿ ನೆಲಕ್ಕ ಬೀಳ್ತಾವ. ಈ ಕಾಕಾನ್ನ ಕೇಳ್ರಿ ಬೇಕಾದ್ರ."

ಮೆಣಸಿನಕಾಯಿ ವ್ಯಾಪಾರಿ ನಿಜಲಿಂಗಪ್ಪನವರು ಮೂಲೆಯಿಂದ ನಕ್ಕರು. "ಖರೇ ತಮ್ಮಾ. ನನ್ನ ಕೈ ಎರಡೆರಡು ಸಲ ತೊಳಸ್ತಾಳ ಈಕಿ."

ಕೈ ತೊಳೆದೆ. ಸಿಟ್ಟು ಮಾತ್ರ ಹೋಗಲಿಲ್ಲ. ಅದಕ್ಕೇ ಏನೋ, ಮುಂದಿನ ಭಾನುವಾರವೂ ಹೋದೆ.

ಬೀಜದ ಕಂಪನಿ ಲ್ಯಾಬಿನಲ್ಲಿ ಅವಳ ಕೆಲಸ. ವಾರವೆಲ್ಲ ಬೀಜ ಮೊಳೆಸೋದು, ಭಾನುವಾರ ಮೀನು. ನೀರಿನ ಕೊಡ ಹೊರೋದು ನನ್ನ ಪಾಲಿಗೆ ಬಂತು. ಟ್ಯಾಂಕಿನ ಆ ಕಡೆ ಅವಳು ಗಾಜು ಒರೆಸೋಳು, ಈ ಕಡೆ ನಾನು. ನೀರಿನಾಚೆ ಅವಳ ಕಣ್ಣು ದೊಡ್ಡದಾಗಿ ತೇಲುತ್ತಿದ್ದವು. ನಡುವೆ ಗಪ್ಪಿ ಮೀನು ಬಂದರೆ ಗಪ್ಪಿ ಮೇಲೂ ಸಿಟ್ಟು.

"ಏನ ನೋಡಾಕತ್ತೀರಿ?"

"ಮೀನ."

"ಮೀನ ಕೆಳಗದಾವ್ರಿ, ಮೈಲೇಶ."

ಹಾವೇರಿಯಲ್ಲಿ ಸಾಲಿ ಹುಡುಗರಿಗೆ ಮೀನು ತೋರಿಸಲು ಕ್ಲಬ್ ಹೊರಟಾಗ, ಟೆಂಪೋದ ಹಿಂದೆ ದೊಡ್ಡ ಟ್ಯಾಂಕ್ ಹಿಡಿದು ಕೂತವರು ನಾವಿಬ್ಬರೇ. ಹಂಪ್ ಬಂತು. ಅರ್ಧ ನೀರು ಅವಳ ಮಡಿಲಿಗೆ. ಡ್ರೈವರನ ವಂಶವನ್ನೆಲ್ಲ ಎತ್ತಿ ಬೈದೆ.

"ಬೈಬ್ಯಾಡ. ಮೀನ ಹೆದರ್ತಾವ," ಅಂದಳು.

ಮೊದಲ ಸಲ 'ರಿ' ಬಿಟ್ಟಿದ್ದಳು. ಗಾಜಿನ ತಳದಲ್ಲಿ ಅವಳ ಬೆರಳು ನನ್ನ ಬೆರಳ ಮೇಲೆ ಹಾಗೇ ಇದ್ದವು. ಹಾವೇರಿ ಇಷ್ಟು ಹತ್ತಿರ ಯಾಕಿದೆಯೋ ಅನ್ನಿಸಿತು.

ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟರಲ್ಲಿ ಕಂಪನಿ ಅವಳನ್ನು ವಿಜಯಪುರಕ್ಕೆ ಹಾಕಿತು.

ನಮ್ಮ ಕ್ಲಬ್ಬಿನಲ್ಲಿ ಒಂದು ರೂಢಿ ಇತ್ತು. ಬಿಟ್ಟು ಹೋಗೋರು ತಮ್ಮ ಮೀನುಗಳನ್ನು ಉಳಿದವರಿಗೆ ಹಂಚಿ ಹೋಗಬೇಕು. ಯಾರಿಗೆ ಯಾವುದು ಅನ್ನೋದು ಹೋಗೋರ ಇಷ್ಟ. ಆ ಭಾನುವಾರ ಎಲ್ಲರೂ ಡಬ್ಬಿ ತಂದಿದ್ದರು. ನಾನೂ ತಂದಿದ್ದೆ. ನಿಜಲಿಂಗಪ್ಪನವರಿಗೆ ಕರಿ ಮೋಲಿ. ಬುಡನಸಾಬರಿಗೆ ಫೈಟರ್. ಹೆಸರೂ ಗೊತ್ತಿಲ್ಲದ ಹೊಸಬರೊಬ್ಬರಿಗೂ ಗಪ್ಪಿ ಸಿಕ್ಕವು. ನನ್ನ ಡಬ್ಬಿ ಖಾಲಿ. ಉಳಿದ ಏಂಜಲ್ ಜೋಡಿಯನ್ನು ಅವಳು ಕವರಿಗೆ ಹಾಕಿ, ರಬ್ಬರ್ ಸುತ್ತಿ, ತನ್ನ ಪಕ್ಕದಲ್ಲೇ ಇಟ್ಟುಕೊಂಡಳು.

ಡಬ್ಬಿ ಎಸೆದು ಹೊರಗೆ ಬಂದೆ. ಹಿಂದೆಯೇ ಚಪ್ಪಲಿ ಸಪ್ಪಳ.

"ಎಲ್ಲಿ ಹೊಂಟೀ?"

"ಎಲ್ಲರಿಗೂ ಕೊಟ್ಟಿ. ನಾ ಏನ ಮಾಡಿದ್ದೆ? ಸತ್ತ ಗಪ್ಪಿನರೆ ಕೊಡಬೇಕಿತ್ತು!"

"ಹುಚ್ಚಪ್ಪಾ, ನಾವು ಯಾರನ್ನ ಬಿಟ್ಟು ಹೋಗ್ತೀವೋ ಅವರಿಗೆ ಮೀನ ಕೊಟ್ಟು ಹೋಗೋದು." ಕವರನ್ನು ಎದೆಗೆ ಹಿಡಿದಿದ್ದಳು. "ನಿನ್ನ ಎಲ್ಲಿ ಬಿಡಾಕತ್ತೇನಿ ನಾ?"

ತಿಳಿಯಲು ನನಗೆ ಹೊತ್ತು ಹಿಡಿಯಿತು.

"ಮತ್ತ ಆ ಜೋಡಿ?"

"ಮನಿ ಮಾಡಿದ ಮ್ಯಾಲ ಬೇಕಲ್ಲ ನಮಗ."

"ಇದನ್ನ ಮೊದಲ ಹೇಳಾಕ ಏನಾಗಿತ್ತು ನಿನಗ?"

"ನೀ ಹೇಳ್ತೀ ಅಂತ ಕುಂತಿದ್ದೆ. ಜಗಳಕ್ಕಷ್ಟ ಬಾಯಿ ನಿಂದು."

"ನೀ ಇಲ್ಲದ ಭಾನುವಾರನ ಬ್ಯಾಡ ನನಗ! ಕೇಳಿಸ್ತೇನು? ನೀನ ಬೇಕು!"

ಪ್ರೀತಿ ಹೇಳೋ ದನಿ ನನಗೆ ಯಾರೂ ಕಲಿಸಿರಲಿಲ್ಲ; ಇದ್ದ ದನಿಯಲ್ಲೇ ಒದರಿದ್ದೆ. ಆಟೋದವರು ತಿರುಗಿ ನೋಡಿದರು. ರೋಹಿಣಿ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ನಾವು ಹೊಡೆದಾಡಾಕತ್ತೇವಿ ಅಂತ ತಿಳಿದು, ಬುಡನಸಾಬರು ನಟ್ಟು ಬಿಚ್ಚೋ ಪಾನಾ ಹಿಡಿದುಕೊಂಡೇ ಬಿಡಿಸಲು ಓಡಿ ಬಂದರು.