ಆರನೇ ಬಾಗಿಲು

"ನೀನಾ...?"

ಬಾಗಿಲು ತೆರೆದವನ ಬಾಯಿಂದ ಹೊರಟದ್ದು ಅದೊಂದೇ ಮಾತು.

ಅವಳ ಒಂದು ಕೈಯಲ್ಲಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಬ್ರಷ್ಷುಗಳ ಚೀಲ. ಎರಡನ್ನೂ ಅವನ ತಲೆಯ ಮೇಲೆ ಹಾಕಬೇಕೆನಿಸಿತು. ಡಬ್ಬಿ ನಾಲ್ಕು ಲೀಟರಿನದು, ಗುರಿ ತಪ್ಪುವಷ್ಟು ದೂರವೂ ಇರಲಿಲ್ಲ!

ಮೂರು ವರ್ಷ... ಈ ಮುಖ ನೋಡಬಾರದೆಂದೇ ಊರು ಬಿಟ್ಟು ಸೋದರತ್ತೆಯ ಮನೆ ಸೇರಿದ್ದಳು. ಫೋನ್ ನಂಬರನ್ನೂ ಬದಲಾಯಿಸಿದ್ದಳು. ವಾಪಸು ಬಂದು ಇನ್ನೂ ತಿಂಗಳಾಗಿಲ್ಲ, ಆಗಲೇ ಅವನ ಹೊಸ್ತಿಲಿಗೆ ತಾನೇ ಬಂದು ನಿಂತಿದ್ದಾಳೆ. ಫೋನ್ ಮಾಡಿದ್ದು ಯಾರೋ ವಯಸ್ಸಾದ ಹೆಂಗಸು. "ಬಾತ್‌ರೂಮಿನ ಕಪಾಟಿಗೆ ಬಣ್ಣ ಹೊಡೀಬೇಕಮ್ಮ, ನೀರು ಬಿದ್ರೂ ಹಬೆ ತಗಲಿದ್ರೂ ಏಳಬಾರದು" ಎಂದಿದ್ದರು. ಆ ದನಿ ಈ ಬಡಗಿಯ ತಾಯಿಯದೆಂದು ಅವಳಿಗೆ ಕನಸು ಬಿದ್ದಿತ್ತೇ?

"ತಪ್ಪು ಮನೆಗೆ ಬಂದೆ ಅನ್ಸುತ್ತೆ," ಎಂದು ತಿರುಗಿದಳು.

"ಯಾರೋ ಅದು? ಬಣ್ಣದೋಳು ಬಂದ್ಲಾ?" ಒಳಗಿನಿಂದ ಕೋಲಿನ ಟಕಟಕ ಸದ್ದಿನ ಜೊತೆ ಅಮ್ಮ ಬಂದರು. "ಬಾಗಿಲಲ್ಲೇ ನಿಲ್ಲಿಸ್ಕೊಂಡು ಏನು ಪುರಾಣ ಹೇಳ್ತಿದ್ದೀಯೋ! ಬಾ ಮಗಳೇ ಒಳಗೆ. ಬರೋ ಶುಕ್ರವಾರ ಅಲ್ಲ, ಅದರಾಚೆ ಶುಕ್ರವಾರ ಬೀಗದಕೈ ಸಾಹೇಬ್ರು ಬರ್ತಾರೆ. ಅಷ್ಟರಲ್ಲಿ ಮುಗೀಬೇಕು."

ಆ ಹೆಸರು ಕೇಳಿ ಅವಳ ಕಾಲು ತಾನಾಗಿ ನಿಂತಿತು.

ಬೀಗದಕೈ ಸಾಹೇಬರೆಂದರೆ ಒಬ್ಬ ಇಂಜಿನಿಯರು. ಯಾವ ಮರಗೆಲಸ ನೋಡಲು ಹೋದರೂ ಜೇಬಿನಿಂದ ಬೀಗದ ಕೈ ತೆಗೆದು ಅಂಚಿಗೆ ಒಮ್ಮೆ ಗೀರುತ್ತಾರೆ. ಬಣ್ಣ ಎದ್ದರೆ ಮಾತಿಲ್ಲ ಕತೆಯಿಲ್ಲ, ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ಆಮೇಲೆ ಆ ಕೆಲಸಗಾರನನ್ನು ಬೇರೆ ಯಾರೂ ಕರೆಯುವುದಿಲ್ಲ.

"ನಲವತ್ತು ಮನೆ ಕಟ್ಟಿಸ್ತಿದ್ದಾರಂತೆ," ಅಮ್ಮನ ಮುಖದಲ್ಲಿ ಹೆಮ್ಮೆ. "ಇಲ್ಲಿ ಮನಸ್ಸಿಗೆ ಬಂದ್ರೆ ಅಷ್ಟೂ ಕಪಾಟು ನನ್ನ ಮಗನಿಗೇ. ಇವನ ಹೆಸರು ಉಳಿಯೋದು ಈಗ ನಿನ್ನ ಕೈಲಿದೆ ನೋಡು!"

ಹೆಸರು...!

ಅವಳು ಅವನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ. ಅದೇ ಭಂಗಿ, ಮೂರು ವರ್ಷದ ಹಿಂದಿನದೇ!

'ನನ್ನ ಹೆಸರು ನುಂಗಿ ನೀರು ಕುಡಿದೆಯಲ್ಲ, ಈಗ ನಿನ್ನದು ನನ್ನ ಕೈಗೆ ಬಂದಿದೆ. ತಡಿ, ಮಾಡ್ತೀನಿ!'

"ಖಂಡಿತ ಮಾಡಿಕೊಡ್ತೀನಿ ಅಮ್ಮ," ಎಂದು ನಗುತ್ತಾ ಒಳಗೆ ಕಾಲಿಟ್ಟಳು.

*

ಆಗ ಊರಾಚೆಯ ಒಂದು ಲಾಡ್ಜಿನಲ್ಲಿ ಹದಿನಾಲ್ಕು ಬಾತ್‌ರೂಮುಗಳ ಕೆಲಸ. ಕಪಾಟು ಮಾಡುವವನು ಅವನು, ಬಣ್ಣ ಹೊಡೆಯುವವಳು ಅವಳು. ಮರದ ಹೊಟ್ಟಿನ ನಡುವೆ ಕೂತು ಒಂದೇ ಲೋಟದ ಚಹಾ ಇಬ್ಬರೂ ಕುಡಿಯುತ್ತಿದ್ದ ದಿನಗಳು. "ಈ ಕೆಲಸ ಒಂದು ಮುಗೀಲಿ, ನಿಮ್ಮಪ್ಪನ ಹತ್ರ ಬಂದು ಕೇಳ್ತೀನಿ" ಎಂದಿದ್ದ. ಸ್ಯಾಂಡ್‌ಪೇಪರ್ ಹಿಡಿದು ಅವಳ ಬೆರಳುಗಳು ಬಿರಿದದ್ದನ್ನು ನೋಡಲಾರದೆ, "ಬಾಗಿಲೆಲ್ಲ ನಾನೇ ಉಜ್ಜಿ ಇಟ್ಟಿರ್ತೀನಿ. ನೀನು ಬಂದು ಬಣ್ಣ ಹೊಡಿ, ಸಾಕು" ಎಂದೂ ಹೇಳಿದ್ದ.

ಅವಳಿಗೆ ಬ್ರಷ್ ಹಿಡಿಸಿದ್ದು ಅವಳ ಅಪ್ಪ. ಇನ್ನೊಬ್ಬರು ಉಜ್ಜಿದ ಮರವಾದರೂ ನಿನ್ನ ಕೈಯಾರೆ ಒಮ್ಮೆ ಉಜ್ಜದೆ ಬಣ್ಣ ಮುಟ್ಟಬೇಡ ಎಂಬುದು ಅಪ್ಪನ ಕಟ್ಟಪ್ಪಣೆ. ಅದೊಂದು ಸಲ ಮಾತ್ರ ಅವಳು ಆ ಮಾತು ಮೀರಿದಳು. ಅವನು ಉಜ್ಜಿದ್ದಾನಲ್ಲ, ಮತ್ತೇಕೆ ಎಂದುಕೊಂಡಳು. ಪ್ರೀತಿಸಿದವನನ್ನು ನಂಬದೆ ಇನ್ಯಾರನ್ನು ನಂಬುವುದು?

ಇಪ್ಪತ್ತೇ ದಿನಕ್ಕೆ ಬಣ್ಣ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು.

ಲಾಡ್ಜಿನ ಯಜಮಾನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದ್ದ. "ಯಾರ ತಪ್ಪಿದು?"

ಅವಳು ಅವನನ್ನೇ ನೋಡುತ್ತಿದ್ದಳು. ಅವನು ತಲೆ ತಗ್ಗಿಸಿ ಹೇಳಿದ. "ಮರದಲ್ಲಿ ತಪ್ಪಿಲ್ಲ ಸಾರ್."

ಮರದಲ್ಲಿ ಇಲ್ಲದಿದ್ದರೆ ಇನ್ನೆಲ್ಲಿ? ಬಣ್ಣದಲ್ಲಿ. ಅಂದರೆ ಅವಳಲ್ಲಿ!

ಅಂದಿನಿಂದ ಪೇಂಟ್ ಅಂಗಡಿಗಳಲ್ಲಿ ಅವಳಿಗೆ 'ಸಿಪ್ಪೆ' ಎಂಬ ಅಡ್ಡಹೆಸರು ಬಿತ್ತು. "ಓ, ಸಿಪ್ಪೆ ಬಂದ್ಲು!" ಎಂದು ಬೆನ್ನ ಹಿಂದೆ ಕಿಸಕ್ಕನೆ ನಗುವುದು. ಕೆಲಸ ಕೊಡುತ್ತೇನೆಂದವರು ಮರುದಿನ ಫೋನೇ ಎತ್ತುತ್ತಿರಲಿಲ್ಲ. ನಲವತ್ತು ವರ್ಷ ಗೋಡೆಗೂ ಬಾಗಿಲಿಗೂ ದುಡಿದ ಅಪ್ಪ ಮಗಳ ಪರವಾಗಿ ಒಂದು ಮಾತೂ ಆಡಲಾಗದೆ ಕೂತುಬಿಟ್ಟರು. ಅದನ್ನು ಮರೆಯುವುದೇ? ಉಂಟೇ!

*

ಕಪಾಟಿಗೆ ಒಟ್ಟು ಆರು ಬಾಗಿಲು. ಐದು ಹಳೆಯ ವಾರ್ನಿಶ್ಶಿನವು, ಸಾಬೂನಿನ ಕಲೆ, ತಲೆಗೆ ಹಚ್ಚುವ ಎಣ್ಣೆಯ ಕೈಗುರುತು ಹತ್ತಿ ಜಿಡ್ಡುಗಟ್ಟಿದ್ದವು. ಮೂಲೆಯ ಆರನೆಯದಕ್ಕೆ ಆಗಲೇ ಕೆನೆಬಣ್ಣವಿತ್ತು.

"ಅದೊಂದನ್ನ ಮುಟ್ಟಬೇಡ ಮಗಳೇ," ಎಂದರು ಅಮ್ಮ. "ಮುಟ್ಟಿದ್ರೆ ನನ್ನನ್ನೂ ಬಿಡಲ್ಲ ಅವನು. ಮಿಕ್ಕ ಐದಕ್ಕೂ ಅದೇ ಬಣ್ಣ ಬರಲಿ."

'ಹೌದಾ ಮಹಾರಾಯ? ನಿನ್ನ ಬಾಗಿಲು ನೀನೇ ಇಟ್ಕೋ!' ಆ ಕಡೆ ಕಣ್ಣೆತ್ತಿ ನೋಡುವುದೂ ಅವಳಿಗೆ ಬೇಡವಾಗಿತ್ತು.

ನೀರಿನ ಜಾಗದ ಮರಕ್ಕೆ ಬಣ್ಣ ನಿಲ್ಲಬೇಕಾದರೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಗಿಲು ಬಿಚ್ಚಬೇಕು, ಜಿಡ್ಡು ತೊಳೆದು ಒಣಗಿಸಬೇಕು. ವಾರ್ನಿಶ್ಶಿನ ಹೊಳಪು ಸಾಯುವವರೆಗೆ ಉಜ್ಜಿ, ಧೂಳು ಒರೆಸಿ, ಪ್ರೈಮರ್ ಹಚ್ಚಿ ಒಂದು ದಿನ ಬಿಡಬೇಕು. ಮತ್ತೆ ಹಗುರವಾಗಿ ಉಜ್ಜಿ ತೆಳುವಾಗಿ ಎರಡು ಕೋಟ್ ಹೊಡೆಯಬೇಕು. ಆಮೇಲೆ ಒಂದು ವಾರ ನೀರು ಸೋಕಿಸಬಾರದು. ಬಣ್ಣ ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ.

ಅವಳು ಇದ್ಯಾವುದನ್ನೂ ಮಾಡಲಿಲ್ಲ.

ತೋರಿಕೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಜಿಡ್ಡಿನ ಮೇಲೆಯೇ ದಪ್ಪಗೆ ಎರಡು ಕೋಟ್ ಎಳೆದಳು. ಸ್ಯಾಂಡ್‌ಪೇಪರ್ ಚೀಲದಿಂದ ಹೊರಗೆ ಬರಲೇ ಇಲ್ಲ. ದೂರು ಬಣ್ಣದವಳ ಮೇಲೂ ಬರುತ್ತದೆಯೇ? ಬರಲಿ! ಮುಳುಗಿದವನಿಗೆ ಚಳಿಯೇನು, ಮಳೆಯೇನು? ಅವನೊಬ್ಬ ಮುಳುಗಿದರೆ ಸಾಕು.

ಒಂದೇ ಒಂದು ಕಡೆ ಕೈ ತಡೆಯಿತು. ಕೆಲಸ ಮುಗಿದ ಮೇಲೆ ಬಾಗಿಲಿನ ಮೇಲಂಚಿನಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಹಸಿ ಬಣ್ಣಕ್ಕೆ ಹೆಬ್ಬೆರಳು ಒತ್ತುವುದು ಅಪ್ಪ ಕಲಿಸಿದ ಪದ್ಧತಿ. 'ಇದಕ್ಕೆ ನಾನು ಜವಾಬ್ದಾರಿ' ಎಂದು ಅದರ ಅರ್ಥ. ಬೆರಳು ಅಂಚಿನವರೆಗೂ ಹೋಯಿತು... ಒತ್ತಲಾಗಲಿಲ್ಲ.

ಎರಡನೆಯ ದಿನ ಅವನು ಬಾತ್‌ರೂಮಿನ ಬಾಗಿಲಿಗೆ ಬಂದು ನಿಂತ. ಕಪಾಟು ನೋಡಿದ. ಆಮೇಲೆ ಬಹಳ ಹೊತ್ತು ನೆಲ ನೋಡಿದ.

"ಕೈ ಹೇಗಿದೆ ಈಗ? ಬೆರಳು ಬಿರೀತಾ ಇತ್ತಲ್ಲ..."

"ಕೈಗೇನೂ ಆಗಿಲ್ಲ. ಹೆಸರಿಗೆ ಆಗಿದ್ದು," ಎಂದಳು ತಿರುಗದೆ. "ದಾರಿ ಬಿಡಿ, ಬೆಳಕಿಗೆ ಅಡ್ಡ ನಿಂತಿದ್ದೀರಿ."

ನೀನು ಎನ್ನುತ್ತಿದ್ದ ಬಾಯಲ್ಲಿ ಬಂದ ಆ 'ನೀವು' ಅವನಿಗೆ ಎಲ್ಲಿ ತಗಲಬೇಕೋ ಅಲ್ಲೇ ತಗಲಿತು. ಹೊರಟುಹೋದ. ಅವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

"ಕನ್ನಡಿ ಕನ್ನಡಿ ಆಗಿದೆಯಲ್ಲೇ!" ಕೆಲಸ ಮುಗಿದಾಗ ಅಮ್ಮ ಅವಳ ಕೆನ್ನೆ ಸವರಿದರು. "ನಿನ್ನ ಕೈ ತಣ್ಣಗಿರಲಿ."

ಹೊರಗೆ ಥಳುಕು, ಒಳಗೆ ಹುಳುಕು. ಆ ಮಾತು ಕಪಾಟಿಗೆ ಸಲ್ಲುತ್ತದೋ ತನಗೆ ಸಲ್ಲುತ್ತದೋ ಎಂದು ಅವಳಿಗೇ ಒಂದು ಗಳಿಗೆ ತಿಳಿಯಲಿಲ್ಲ.

*

ಆ ಶುಕ್ರವಾರ ಹಿಡಿಕೆ ಕೂರಿಸುವ ನೆಪದಲ್ಲಿ ಬೆಳಿಗ್ಗೆಯೇ ಬಂದಳು. ನಿಜವಾಗಿ ಬಂದದ್ದು ತಮಾಷೆ ನೋಡಲು.

ಬೀಗದಕೈ ಸಾಹೇಬರು ಮರದ ಜೋಡಣೆ ನೋಡಿ ತಲೆದೂಗಿದರು. ಕೀಲು ತಿರುಗಿಸಿ ನೋಡಿ ಮತ್ತೆ ತಲೆದೂಗಿದರು. ಆಮೇಲೆ ಜೇಬಿಗೆ ಕೈ ಹಾಕಿದರು.

ಮೊದಲನೆಯ ಬಾಗಿಲು... ಗೀರಿದ್ದೇ ತಡ, ಬೆರಳಗಲದ ಬಣ್ಣ ಸುರುಳಿಯಾಗಿ ಎದ್ದಿತು. ಎರಡನೆಯದರಲ್ಲಿ ಇನ್ನೂ ಉದ್ದಕ್ಕೆ. ಐದೂ ಹಾಗೆಯೇ! ಅಮ್ಮ ಗೋಡೆ ಹಿಡಿದು ನಿಂತರು.

"ಯಾರ ತಪ್ಪಿದು?"

ಅದೇ ಪ್ರಶ್ನೆ! ಅವಳು ಅವನ ಕಡೆ ತಿರುಗಿದಳು. 'ಹೇಳು ಈಗ. ಬಣ್ಣದವಳದು ಅಂತ ಬೆರಳು ತೋರಿಸು. ನಿನ್ನ ಬಣ್ಣ ಬಯಲು ಮಾಡೋಕೇ ನಾನು ಕಾಯ್ತಿರೋದು!'

ಈ ಸಲ ಅವನು ತಲೆ ತಗ್ಗಿಸಲಿಲ್ಲ.

"ಮರದ್ದೇ ತಪ್ಪು ಸಾರ್. ಬಣ್ಣದ್ದಲ್ಲ. ತಪ್ಪು ನಂದು."

ಏನು...?!

ಸಾಹೇಬರು ಅಷ್ಟರಲ್ಲಿ ಆರನೆಯ ಬಾಗಿಲಿಗೆ ಬೀಗದ ಕೈ ಒತ್ತಿದ್ದರು. ಒಮ್ಮೆ ಗೀರಿದರು. ಹಲ್ಲು ಕಚ್ಚಿ ಇನ್ನೊಮ್ಮೆ ಗೀರಿದರು. ಕೂದಲೆಳೆಯಂಥ ಗೆರೆ ಬಿತ್ತು, ಅಷ್ಟೇ.

"ಇದಕ್ಕೇನಪ್ಪಾ ಹೊಡೆದಿದ್ದು? ಕಲ್ಲಾಗಿದೆಯಲ್ಲ! ಯಾರ ಕೈ ಇದು?"

"ಇವಳದೇ," ಎಂದ ಅವನು. "ಮೂರು ವರ್ಷದಿಂದ ದಿನಾ ಹಬೆ ಕುಡೀತಿದೆ. ಜಗ್ಗಿಲ್ಲ."

ಅವಳು ಸ್ಟೂಲು ಎಳೆದು ಹತ್ತಿ ಬಾಗಿಲಿನ ಮೇಲಂಚು ನೋಡಿದಳು. ಅಲ್ಲಿತ್ತು... ಪುಟ್ಟ ಹೆಬ್ಬೆರಳಿನ ಗುರುತು. ತನ್ನದೇ!

"ಇದು ಲಾಡ್ಜಿನ ಬಾಗಿಲು... ಇದೊಂದು ಹೇಗೆ ಉಳೀತು?"

ಅವನು ಆ ಗುರುತನ್ನೇ ನೋಡುತ್ತಾ ಹೇಳಿದ. "ನಿನ್ನ ಕೈ ನೋಯಬಾರದು ಅಂತ ಬಾಗಿಲೆಲ್ಲ ಉಜ್ಜಿದೆ. ಆಮೇಲೆ... ನೀನು ಬಂದಾಗ ಮರ ಚೆಂದ ಕಾಣಲಿ, ಮುಟ್ಟಿದ್ರೆ ನುಣ್ಣಗಿರಲಿ ಅಂತ ಮೇಣ ತಿಕ್ಕಿದೆ. ಕೊನೇ ಬಾಗಿಲಿಗೆ ಬರೋ ಹೊತ್ತಿಗೆ ಮೇಣದ ಡಬ್ಬಿ ಖಾಲಿ ಆಗಿತ್ತು. ಅದೇ ಇದು. ಲಾಡ್ಜಿನೋರು ಬಾಗಿಲೆಲ್ಲ ಕಿತ್ತು ಹಾಕಿದಾಗ ಇದೊಂದನ್ನ ಮನೆಗೆ ತಂದು ಕೂರಿಸಿದೆ."

ಮೇಣ! ಮೇಣದ ಮೇಲೆ ಯಾವ ಬಣ್ಣ ತಾನೇ ಕೂರುತ್ತದೆ?

"ಮೇಣ ತಿಕ್ಕಿದ್ರೆ ಬಣ್ಣ ಹಿಡಿಯಲ್ಲ ಅಂತ ನನಗೆ ಗೊತ್ತಿರಲಿಲ್ಲ. ಅವತ್ತು ಮರದಲ್ಲಿ ತಪ್ಪಿಲ್ಲ ಅಂತ ನಿಜವಾಗಿಯೂ ನಂಬಿದ್ದೆ. ವರ್ಷ ಆದ ಮೇಲೆ ಇನ್ನೊಬ್ಬ ಪೇಂಟರ್ ಹತ್ರ ಉಗಿಸಿಕೊಂಡಾಗ ತಿಳೀತು. ನಿಮ್ಮ ಮನೆಗೆ ಓಡಿ ಬಂದೆ, ನಿಮ್ಮಪ್ಪ ಬಾಗಿಲು ತೆಗೀಲಿಲ್ಲ. ಪೇಂಟ್ ಅಂಗಡೀಲಿ ಒಬ್ಬೊಬ್ಬರಿಗೂ ಹೇಳಿದೆ. ನಕ್ಕರೇ ಹೊರತು ಯಾರೂ ನಂಬಲಿಲ್ಲ."

"ದಿನಾ ಸ್ನಾನ ಮುಗಿಸಿ ಅದೊಂದು ಬಾಗಿಲು ಒರೆಸ್ತಾನೆ," ಅಮ್ಮ ಮೆಲ್ಲಗೆ ಬಾಯಿ ಹಾಕಿದರು. "ಅದಕ್ಕೇ ನೀನು ವಾಪಸು ಬಂದಿದ್ದು ಕೇಳಿ, ಅಂಗಡೀಲಿ ವಿಚಾರಿಸಿ ನಿನ್ನ ನಂಬರ್ ತರಿಸಿದೆ. ಬೈಯೋದಾದ್ರೆ ನನಗೆ ಬೈ."

ಅವಳು ಸ್ಟೂಲಿನಿಂದ ಇಳಿದಳು.

"ಆದ್ರೆ ಈ ಐದು ಬಾಗಿಲು? ಇದಕ್ಕೆ ನೀನು ಮೇಣ ಹಚ್ಚಿಲ್ಲ. ಮತ್ತೆ ಯಾಕೆ ನಂದು ತಪ್ಪು ಅಂದೆ?"

"ಎರಡನೇ ದಿನ ನೆಲ ನೋಡಿದೆ. ಉಜ್ಜಿದ್ರೆ ಧೂಳು ಬೀಳಬೇಕಿತ್ತು. ಒಂದು ಚಿಟಿಕೆನೂ ಇರಲಿಲ್ಲ."

"ಅಂದ್ರೆ... ಗೊತ್ತಿತ್ತಾ?!"

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ಮನಿದ್ಯಾ? ನಲವತ್ತು ಮನೆ ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ?"

"ನಿನಗೆ ಬಂದದ್ದು ನನಗೂ ಒಂದು ಸಲ ಬರಲಿ ಅಂತ," ಎಂದ ಅವನು. "ನೀನು ಪಟ್ಟ ಪಾಡು ನಾನೂ ಪಡಬೇಕಿತ್ತು."

ಮೂರು ವರ್ಷ ಜೋಪಾನ ಮಾಡಿದ ಸಿಟ್ಟು ಅವಳ ಕಣ್ಣಿನಲ್ಲಿ ನೀರಾಗಿ ಬಂತು. ಹೋಗಿ ಅವನ ಎದೆಗೆ ಎರಡೂ ಮುಷ್ಟಿಯಿಂದ ಗುದ್ದಿದಳು.

"ಹೆಸರು ತಗೊಂಡೆ, ನೆಮ್ಮದಿ ತಗೊಂಡೆ! ಕೊನೆಗೆ ನನ್ನ ಸೇಡನ್ನೂ ಕಿತ್ಕೊಂಡ್ಯಲ್ಲೋ! ಅದೊಂದಾದ್ರೂ ನನಗೆ ಬಿಡಬಾರದಿತ್ತಾ...?"

ಅವನು ಅಲುಗಾಡದೆ ಗುದ್ದಿಸಿಕೊಂಡ. ಅವಳು 'ನೀವು' ಬಿಟ್ಟು 'ನೀನು' ಎಂದದ್ದು ಅವನಿಗೆ ಕೇಳಿಸಿತ್ತು.

ಕೊನೆಗೆ ಅವಳು ಸಾಹೇಬರ ಕಡೆ ತಿರುಗಿ ಕಣ್ಣೊರೆಸಿಕೊಂಡಳು. "ಸಾರ್, ಇವನು ಹೇಳಿದ್ದು ಸುಳ್ಳು. ಈ ಐದು ಬಾಗಿಲು ಕೆಟ್ಟಿದ್ದು ನನ್ನಿಂದ. ಬೇಕು ಅಂತಲೇ ಕೆಡಿಸಿದೆ. ಲಾಡ್ಜಿನದು ಇವನ ಮೇಣ, ಜೊತೆಗೆ ಅಪ್ಪನ ಮಾತು ಮೀರಿ ಇವನನ್ನ ನಂಬಿದ ನನ್ನ ಸೋಮಾರಿತನ. ಇವನ ಕೆಲಸ ಕಿತ್ಕೋಬೇಡಿ."

ಸಾಹೇಬರು ಇಬ್ಬರನ್ನೂ ನೋಡಿದರು. ಆರನೆಯ ಬಾಗಿಲನ್ನು ಇನ್ನೊಮ್ಮೆ ಸವರಿದರು.

"ನನ್ನ ಬೀಗದ ಕೈ ಬಣ್ಣ ನೋಡೋಕೆ ಇರೋದು, ಜಗಳ ಬಿಡಿಸೋಕಲ್ಲ. ಹದಿನೈದು ದಿನ ಬಿಟ್ಟು ಬರ್ತೀನಿ. ಐದೂ ಈ ಬಾಗಿಲಿನ ಹಾಗೆ ಬಂದ್ರೆ ನಲವತ್ತು ಮನೆಗೂ ಮರ ಇವನದು, ಬಣ್ಣ ನಿಂದು."

*

ಮಾರನೆಯ ದಿನ ಅಂಗಳದಲ್ಲಿ ಐದು ಬಾಗಿಲು ಬಿಚ್ಚಿ ಹಾಕಿ, ಬಣ್ಣ ಕೆರೆದು, ಜಿಡ್ಡು ಬಿಡುವ ತನಕ ತೊಳೆದು ಒಣಗಿಸಿದ್ದಾಯಿತು. ಉಜ್ಜುವ ಶಿಕ್ಷೆ ಪೂರ್ತಿ ಅವನದು. ಅವಳು ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಮೈಯೆಲ್ಲ ಧೂಳಾಗಿ ಅವನ ಹುಬ್ಬು ಕೂಡ ಬೆಳ್ಳಗಾಗಿತ್ತು. ಅಮ್ಮ ಕಿಟಕಿಯಿಂದ ನೋಡಿ ಬಾಯಿಗೆ ಸೆರಗು ಒತ್ತಿಕೊಂಡರು.

"ಆಯ್ತು, ಉಜ್ಜಿದೆ," ಎಂದ ಬೆವರು ಒರೆಸುತ್ತಾ.

ಅವಳು ಬಂದು ಅಂಗೈಯಿಂದ ಸವರಿದಳು. ಮೂಗು ಹತ್ತಿರ ತಂದು ಮೇಣದ ವಾಸನೆ ಇದೆಯೇ ಎಂದೂ ನೋಡಿದಳು. ಆಮೇಲೆ ಕೂತು ತಾನೇ ಇನ್ನೊಮ್ಮೆ ಉಜ್ಜತೊಡಗಿದಳು.

"ಇನ್ನೂ ನಂಬಿಕೆ ಬಂದಿಲ್ವಾ?"

"ನಿನ್ನ ಮೇಲೆ ಬಂದಿದೆ. ನೀನು ಉಜ್ಜಿದ ಮರದ ಮೇಲೆ ಬಂದಿಲ್ಲ."

ಪ್ರೈಮರ್ ಆಯಿತು, ಎರಡು ಕೋಟ್ ಆಯಿತು. ಕೊನೆಯ ಬಾಗಿಲಿನ ಮೇಲಂಚಿಗೆ ಹೆಬ್ಬೆರಳು ಒತ್ತಿ, ಅವನ ಕೈ ಹಿಡಿದೆಳೆದಳು.

"ನಿಂದೂ ಒತ್ತು. ಇನ್ಮೇಲೆ ತಪ್ಪು ಯಾರದು ಅಂತ ಕೇಳಿದ್ರೆ ಇಬ್ಬರದೂ ಅಂತ ಗೊತ್ತಾಗಲಿ."

ಅವನು ಒತ್ತಿದ. ಬೆರಳು ಎತ್ತಿದ ಮೇಲೂ ಅವಳು ಕೈ ಬಿಡಲಿಲ್ಲ.

"ನಿಮ್ಮಪ್ಪನ ಹತ್ರ ಯಾವಾಗ ಬರಲಿ?"

"ಒಂದು ವಾರ ಬಿಟ್ಟು. ಬಣ್ಣ ಗಟ್ಟಿ ಆಗಬೇಕು. ಅಲ್ಲಿವರೆಗೆ ಈ ಬಾತ್‌ರೂಮಲ್ಲಿ ಒಂದು ಹನಿ ನೀರು ಬಿದ್ರೂ ಹುಷಾರ್!"

"ಮತ್ತೆ ನನ್ನ ಸ್ನಾನ?"

"ಹಿತ್ತಲಲ್ಲಿ, ತಣ್ಣೀರಲ್ಲಿ. ಮೂರು ವರ್ಷದ ಬಾಕಿ ಅಷ್ಟು ಸುಲಭಕ್ಕೆ ತೀರಲ್ಲ."

"ಕ್ಷಮಿಸಿದ್ದೀಯೋ ಇಲ್ವೋ, ಅದಾದ್ರೂ ಹೇಳು..."

ಅವಳು ಅವನ ಹುಬ್ಬಿಗೆ ಸಿಡಿದಿದ್ದ ಬಣ್ಣವನ್ನು ಸೆರಗಿನ ತುದಿಯಿಂದ ಒರೆಸಿದಳು.

"ಇವತ್ತಿಂದ ಆ ಹೆಸರು ನಿಂದು," ಎಂದಳು. "ಬ್ರಷ್ ತೊಳಿ ನಡಿ... ಸಿಪ್ಪೆ!"