ಪಾರುಗವಚದ ಎಡಮಂಡಿ

ಶಿಳ್ಳೆ ಊದಿದ್ದೇ ತಡ, ಹುಬ್ಬಳ್ಳಿಯ ಜುಜಿತ್ಸು ಶಾಲೆಯ ಚಾಪೆಯ ಮೇಲೆ ಅಂಗಾತ ಬಿದ್ದಿದ್ದವರೆಲ್ಲ ಒಮ್ಮೆಲೇ ಸೊಂಟ ಎತ್ತಿ, ಬಲಕ್ಕೆ ಹೊರಳಿ, ಎದೆಯ ಮೇಲೆ ಕುಳಿತವರನ್ನು ಕೆಡವಿ ಎದ್ದು ನಿಂತರು. ನಿನ್ನೆ ಸೇರಿದವರೂ ಎದ್ದರು. ಏಳದವಳು ಒಬ್ಬಳೇ, ಸೌಗಂಧಿ ಹೂಲಿ. ಅವಳ ಮೇಲೆ ರೂಪಾ ಕರಡಿಗುಡ್ಡ ಕುಳಿತಿದ್ದಳು, ಕುಳಿತಲ್ಲೇ ಆಕಳಿಸಿದಳು.

“ಜೀವ ಐತೇನವಾ ಸೌಗಂಧಿ?” ಎಂದರು ಕಲಿಸುವ ದಾವಲಸಾಬ ಮಾಸ್ತರು.

“ಐತ್ರಿ,” ಎಂದಿತು ಕೆಳಗಿನಿಂದೊಂದು ಧ್ವನಿ. ಬೆನ್ನಿಗೇ ಕ್ಷಮೆಯನ್ನೂ ಕೇಳಿತು: “ಸಾರಿರಿ.”

ಉಳಿದವರ ಮೈಮೇಲೆ ಡಾಕ್ಟರ್ ಉದಯಶಂಕರ ಕಬ್ಬೂರರು ಕಂಡುಹಿಡಿದ ಪಾರುಗವಚವಿತ್ತು. ಕೆಳಗೆ ಸಿಕ್ಕಿಬಿದ್ದ ನುರಿತ ಗುರುವಿನ, ಇಲ್ಲಿ ದಾವಲಸಾಬ ಮಾಸ್ತರರ, ದೇಹ ಹೇಗೆ ಬಿಡಿಸಿಕೊಳ್ಳುತ್ತದೆಂಬುದನ್ನು ಅದು ಮೊದಲು ಗ್ರಹಿಸುತ್ತದೆ. ಸ್ನಾಯುಗಳ ಈ ನಡೆಗೆ ಡಾಕ್ಟರರು ‘ಸ್ನಾಯುಲಿಪಿ’ ಎಂದು ಹೆಸರಿಟ್ಟಿದ್ದರು. ಬಳಿಕ ಸಣ್ಣ ವಿದ್ಯುತ್ ಮಿಡಿತಗಳಿಂದ ಅದೇ ಲಿಪಿಯನ್ನು ಶಿಷ್ಯರ ಮೈಯಲ್ಲಿ ಬರೆಯುತ್ತದೆ. ಕೆಲವು ವಾರ ತೊಟ್ಟರೆ ಸಾಕು; ಆಮೇಲೆ ಕವಚವೂ ಬೇಡ, ಬುದ್ಧಿಯೂ ಬೇಡ. ಸೌಗಂಧಿಯ ಅಳತೆಯ ಕವಚ ಮಾತ್ರ ತಯಾರಾಗಿರಲಿಲ್ಲ. ಅಷ್ಟು ಸಣ್ಣ ಮನುಷ್ಯರೂ ಸೆಣಸಲು ಬರುತ್ತಾರೆಂದು ವಿಜ್ಞಾನ ಊಹಿಸಿರಲಿಲ್ಲ.

ಆದ್ದರಿಂದ ಅವಳು ಹಳೆಯ ರೀತಿಯಲ್ಲಿ ಕಲಿಯುತ್ತಿದ್ದಳು, ಅಂದರೆ ಕಲಿಯುತ್ತಿರಲಿಲ್ಲ. ಎಂ.ಎ. ಮುಗಿಸಿದ ಹುಡುಗಿ, ಬಸ್ಸಿನಲ್ಲಿ ಬೇರೆಯವರು ಕಾಲು ತುಳಿದರೂ ತಾನೇ ಕ್ಷಮೆ ಕೇಳುವವಳು. ಈ ತಿಂಗಳೊಳಗೆ ಒಮ್ಮೆಯಾದರೂ ರೂಪಾಳ ಕೆಳಗಿನಿಂದ ಹೊರಬರದಿದ್ದರೆ ಮತ್ತೆ ಈ ಕಡೆ ತಲೆಹಾಕುವುದಿಲ್ಲವೆಂದು ನಿರ್ಧರಿಸಿದ್ದಳು.

ಅಷ್ಟರಲ್ಲಿ ಬೆಳಗಾವಿಯ ತಂಡದೊಡನೆ ಪಂದ್ಯ ಬಂತು. ಹುಬ್ಬಳ್ಳಿಯ ಮೊದಲ ಸ್ಪರ್ಧಿ ಬಲಕ್ಕೆ ಹೊರಳಿದ. ಎರಡನೆಯವನೂ ಬಲಕ್ಕೇ. ಮೂರನೆಯವಳ ಹೊತ್ತಿಗೆ ಬೆಳಗಾವಿಯವರು ಬಲಗಡೆ ಕೈಯೂರಿ, ಬಸ್ಸಿಗೆ ನಿಂತವರಂತೆ ಕಾಯುತ್ತಿದ್ದರು. ಹುಬ್ಬಳ್ಳಿ ಪೂರ್ತಿ ಸೋತಿತು.

“ಎಡಕ್ಕ ಯಾಕ ಒಬ್ಬರೂ ಹೊರಳಂಗಿಲ್ಲ?” ಡಾಕ್ಟರರು ಕೂಗಾಡಿದರು.

ಮಾಸ್ತರು ತಲೆ ಕೆರೆದುಕೊಂಡರು. “ನನ್ನ ಎಡಮಂಡಿ ಹಾಳಾಗೈತ್ರಿ ಸಾಹೇಬ್ರ. ಆ ಕಡೆ ಭಾರ ಹಾಕಂಗಿಲ್ಲ ನಾ.”

“ಮೊದಲ ಯಾಕ ಹೇಳಲಿಲ್ಲ?”

“ಹೆಂಗ ಪಾರಾಗ್ತೀರಿ ಅಂತ ಕೇಳಿದ್ರಿ. ಎಲ್ಲಿ ನೋಯ್ತದ ಅಂತ ಕೇಳಲಿಲ್ಲಲ್ರಿ.”

ಹೀಗೆ ಒಂದಿಡೀ ಶಾಲೆಯ ಗಟ್ಟಿಮುಟ್ಟಾದ ಮಂಡಿಗಳು ತಮಗಾಗದ ಪೆಟ್ಟಿಗೆ ಹೆದರುತ್ತಿದ್ದವು.

ಮರುದಿನ ಸೌಗಂಧಿಯ ಮೇಲೆ ಕುಳಿತ ರೂಪಾ ಅಭ್ಯಾಸಬಲದಿಂದ ಅವಳ ಬಲಗಡೆಯನ್ನೇ ಭದ್ರಮಾಡಿಕೊಂಡಳು. ಎಡಗಡೆ ಬಾಗಿಲು ಹಾಕದ ಮನೆಯಂತೆ ತೆರೆದಿತ್ತು.

“ಉಸರು ಬಿಡು. ಮೊಣಕೈ ಒಳಗ ತುರುಕು. ಆಕೀನ ದಬ್ಬಬ್ಯಾಡ, ನೀನ ಸರಿ,” ಎಂದರು ಮಾಸ್ತರು.

ಸೌಗಂಧಿ ರೂಪಾಳ ತೊಡೆಗೆ ಮೊಣಕೈ ಕೊಟ್ಟಳು. “ಸಾರಿರಿ,” ಎಂದು ಎಡಕ್ಕೆ ಸೊಂಟ ಸರಿಸಿದಳು. ಗೇಣುದ್ದ ಜಾಗ ಸಿಕ್ಕಿತು. “ಸಾರಿರಿ.” ಆ ಜಾಗದಲ್ಲಿ ಮಂಡಿ ನುಗ್ಗಿತು. ಮತ್ತೊಂದು ಸಾರಿರಿಗೆ ಅವಳು ಹೊರಗಿದ್ದಳು. ಬರಿದಾದ ಚಾಪೆಯನ್ನು ರೂಪಾ ಕಳ್ಳತನವಾದ ಮನೆಯವರಂತೆ ನೋಡಿದಳು.

“ಇನ್ನೊಮ್ಮೆ ಮಾಡವಾ!” ಡಾಕ್ಟರರು ಓಡಿಬಂದು ಅವಳ ಮೈಗೆಲ್ಲ ತಂತಿ ಅಂಟಿಸಿದರು, ಉಸಿರಿನ ಲಯವೂ ಸಿಗಲೆಂದು ಗಂಟಲಿಗೊಂದು ಪಟ್ಟಿ ಬಿಗಿದರು. ಅವಳ ಸ್ನಾಯುಲಿಪಿ ಎಲ್ಲ ಕವಚಗಳಿಗೂ ಇಳಿಯಿತು.

ಕೆಲವು ವಾರಗಳ ಬಳಿಕ ನಡೆದ ಮರುಪಂದ್ಯದಲ್ಲಿ ಲಾರಿ ಓಡಿಸುವ, ಗಿರಿಜಾಮೀಸೆಯ ಬಸಣ್ಣ ಬೆಳಗಾವಿಯವನ ಕೆಳಗೆ ಸಿಕ್ಕಿಕೊಂಡ. ಮೊಣಕೈ ಒಳಗೆ ತುರುಕಿದ. ಬಳಿಕ ಸಣ್ಣ ದನಿಯಲ್ಲಿ ಹೇಳಿದ: “ಸಾರಿರಿ.”

ಗಂಟಲ ಪಟ್ಟಿ ಉಸಿರಿನೊಡನೆ ನಾಲಗೆಯನ್ನೂ ಬರೆದುಕೊಂಡಿತ್ತು.

“ಯಾಕೋ ಮಾರಾಯಾ, ಎಲ್ಲಿ ನೋವಾತು?” ಎನ್ನುತ್ತ ಬೆಳಗಾವಿಯವನು ತುಸು ಮೇಲೆದ್ದ. ಅಷ್ಟು ಸಾಕಾಯಿತು. ಕ್ಷಮೆ ಕೇಳಿದವನ ಎದೆಯ ಮೇಲೆ ಕುಳಿತಿರುವಷ್ಟು ಗಟ್ಟಿ ಮನಸ್ಸು ಬೆಳಗಾವಿಯಲ್ಲಿ ಯಾರಿಗೂ ಇರಲಿಲ್ಲ. ಹುಬ್ಬಳ್ಳಿ ಪೂರ್ತಿ ಗೆದ್ದಿತು. ಡಾಕ್ಟರರು ಇದಕ್ಕೆ ‘ವಿನಯಬಲ’ ಎಂದು ಹೆಸರಿಟ್ಟು, ಇದೆಲ್ಲ ತಮಗೆ ಮೊದಲೇ ಗೊತ್ತಿತ್ತೆಂದು ಶಾಲು ಹೊದಿಸಿಕೊಂಡರು.

ಮುಂದಿನ ವಾರದ ಅಭ್ಯಾಸದಲ್ಲಿ ಸೌಗಂಧಿ ತುಟಿ ಬಿಚ್ಚದೆ ಎಡಕ್ಕೆ ಸರಿದು, ಹೊರಬಂದು, ರೂಪಾಳನ್ನು ಕೆಡವಿ ಮೇಲೇರಿದಳು.

“ಇವತ್ತ ಸಾರಿ ಅನ್ನಲಿಲ್ಲಲ್ಲ?” ಎಂದಳು ರೂಪಾ.

“ಇದ್ದದ್ದೆಲ್ಲಾ ನಿಮಗ ಹಂಚಿಬಿಟ್ಟೇನಲ್ಲ.”

ಕೆಳಗಿನಿಂದ ರೂಪಾಳ ನಾಲಗೆ ತಾನಾಗಿಯೇ ಹೊರಳಿತು. “ಸಾರಿರಿ.”

ಸೌಗಂಧಿ ಏಳಲಿಲ್ಲ. ಕುಳಿತಲ್ಲೇ ಆಕಳಿಸಿದಳು.